ಹಳೆಯ ಪೆಟ್ರೋಲ್ ಕಾರಿಗೆ ಟರ್ಬೊ ಕೂರಿಸುವ ಮುನ್ನ: ನಮ್ಮ ಎಸ್ಟೀಮ್‌ಗೆ ಆದದ್ದು

ಹಳೆಯ ಪೆಟ್ರೋಲ್ ಕಾರಿನ ಇಂಜಿನ್‌ಗೆ ಮೊದಲ ಬಾರಿಗೆ ಟರ್ಬೊ (ಇಂಜಿನ್‌ನ ಹೊಗೆಯ ರಭಸದಿಂದ ತಿರುಗಿ, ಒಳಕ್ಕೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ) ಹಾಕಿಸಬೇಕೆಂದು ಹಣ ಕೂಡಿಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಎಸ್ಟೀಮ್, ಜೆನ್, ಜಿಪ್ಸಿ, ಹಳೆಯ ಬಲೆನೊ ಕಾರುಗಳನ್ನು ಜತನದಿಂದ ಉಳಿಸಿಕೊಂಡವರು ಬಹಳ ಮಂದಿ ಇದ್ದಾರೆ. ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿಗಳಷ್ಟೇ ಅಲ್ಲ, ಏಷ್ಯಾ-ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಶಿಪ್‌ನ ಸುತ್ತುಗಳೂ ನಡೆದಿರುವ ಜಿಲ್ಲೆ ನಮ್ಮದಾದ್ದರಿಂದ ಇಲ್ಲಿಯ ಹುಡುಗರಿಗೆ ಇಂಥ ಆಸೆ ಹುಟ್ಟುವುದು ಸಹಜ, ಮತ್ತು ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಆ ಆಸೆಯನ್ನೇ ಬಂಡವಾಳ ಮಾಡಿಕೊಂಡು, ಒಳಗಿನ ಕೆಲಸ ಮಾಡದೆ ಹೊರಗಿನ ಸಾಮಾನು ಮಾತ್ರ ಜೋಡಿಸಿ ಹಣ ಪಡೆಯುವವರು ಇದ್ದಾರೆ. ನನ್ನ ತಮ್ಮನ ಎಸ್ಟೀಮ್ ಹಾಳಾದದ್ದು ಹಾಗೆ. ಆ ಕಾರ್ಯಾಗಾರದ ಹೆಸರನ್ನು ನಾನು ಬರೆಯುವುದಿಲ್ಲ. ಅದು ನಮ್ಮ ಜಿಲ್ಲೆಯದಲ್ಲ. ಹೆಸರಿಗಿಂತ ಅಂಥ ಕೆಲಸದ ಲಕ್ಷಣಗಳನ್ನು ತಿಳಿದಿರುವುದು ಓದುಗರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎಸ್ಟೀಮ್‌ನ ಎಂಪಿಎಫ್‌ಐ ಇಂಜಿನ್, ಅಂದರೆ ಪ್ರತಿ ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ ಇಂಜಿನ್, 1298 ಸಿಸಿಯದು. ಬೋರ್ (ಸಿಲಿಂಡರ್‌ನ ಒಳ ಅಗಲ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ., ಶಕ್ತಿ 85 ಬಿಎಚ್‌ಪಿ (ಅಶ್ವಶಕ್ತಿ). ಹಗುರವಾದ ಕಾರಿಗೆ ಇಷ್ಟು ಶಕ್ತಿ ಇರುವುದರಿಂದಲೇ ಅದು ರ‍್ಯಾಲಿಯವರಿಗೂ ಅಚ್ಚುಮೆಚ್ಚಿನದಾಗಿತ್ತು. ನಮಗೆ ಹೇಳಿದ್ದು ಇಷ್ಟು: 0.5 ಬಾರ್, ಅಂದರೆ ಸುಮಾರು 7 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ; ಸಮುದ್ರಮಟ್ಟದ ಗಾಳಿಯ ಒತ್ತಡ ಸುಮಾರು 1 ಬಾರ್) ಕೊಟ್ಟರೆ 120 ಬಿಎಚ್‌ಪಿಯ ಹತ್ತಿರ ಬರುತ್ತದೆ; ಅಷ್ಟು ಕಡಿಮೆ ಬೂಸ್ಟ್‌ಗೆ ಇಂಜಿನ್ ಬಿಚ್ಚಬೇಕಾದ ಅಗತ್ಯವಿಲ್ಲ; ಕಂಪ್ರೆಶನ್ (ಸಿಲಿಂಡರ್‌ನಲ್ಲಿ ಮಿಶ್ರಣವನ್ನು ಒತ್ತುವ ಪ್ರಮಾಣ) ಮಾತ್ರ ಸ್ವಲ್ಪ ಇಳಿಸಿ, ಬೇರೆ ಇಸಿಯು (ಪೆಟ್ರೋಲ್ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರ್) ಹಾಕಿ, ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂರಿಸಿ, ಟ್ಯೂನ್ ಮಾಡಿ ಕೊಡುತ್ತೇವೆ. ಕೊನೆಯ ಟ್ಯೂನಿಂಗ್‌ಗೆ ಅವರು ಇಲ್ಲಿಗೇ ಬಂದು, ಬೆಳಗಿನ ತಂಪಿನಲ್ಲಿ ಕಡೂರು ರಸ್ತೆಯಲ್ಲಿ ಕಾರು ಓಡಿಸಿ ತೋರಿಸಿದರು. ಡ್ಯಾಶ್‌ಬೋರ್ಡ್ ಮೇಲಿನ ಬೂಸ್ಟ್ ಗೇಜ್‌ನ ಮುಳ್ಳು 0.5ಕ್ಕೆ ಏರುತ್ತಿತ್ತು, ಪಿಕಪ್ ನಿಜಕ್ಕೂ ಬೇರೆಯದೇ ಆಗಿತ್ತು. ಗಾಳಿಗೆ ತಕ್ಕ ಪೆಟ್ರೋಲ್ ಹೋಗುತ್ತಿದೆಯೇ ಎಂದು ತೋರಿಸುವ ಯಾವ ಗೇಜೂ ಆ ಕಾರಿನಲ್ಲಿ ಇರಲಿಲ್ಲ.

ಇಂಜಿನ್ ಮುರಿದದ್ದು ಚಾರ್ಮಾಡಿಯಲ್ಲಿ. ತಮ್ಮ ಧರ್ಮಸ್ಥಳಕ್ಕೆ ಹೋಗಿ ಮಧ್ಯಾಹ್ನದ ಬಿಸಿಲಿನಲ್ಲಿ ಘಟ್ಟ ಹತ್ತುತ್ತಿದ್ದಾಗ, ಎರಡನೇ ಮತ್ತು ಮೂರನೇ ಗೇರಿನ ದೀರ್ಘ ಏರಿನಲ್ಲಿ ಮೊದಲು ಸಣ್ಣ ಲೋಹದ ಸದ್ದು ಕೇಳಿಸಿದೆ. ಕೊಟ್ಟಿಗೆಹಾರ ಸೇರುವ ಮೊದಲೇ ಶಕ್ತಿ ಕುಸಿದು ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದು, ಡಿಪ್‌ಸ್ಟಿಕ್‌ನ ಕೊಳವೆಯಿಂದ ಆಯಿಲ್ ಹೊರಗೆ ಚಿಮ್ಮಿದೆ. ನಮ್ಮೂರಿನ, ವರ್ಷಗಳಿಂದ ಪರಿಚಯವಿರುವ ಮೆಕ್ಯಾನಿಕ್ ಹೆಡ್ (ಇಂಜಿನ್‌ನ ಮೇಲ್ಭಾಗ) ಬಿಚ್ಚಿ ಪಿಸ್ಟನ್ ಹೊರತೆಗೆದಾಗ ಮೂರನೇ ಸಿಲಿಂಡರ್‌ನ ಪಿಸ್ಟನ್‌ನಲ್ಲಿ, ಒತ್ತಡ ಸೋರದಂತೆ ಸುತ್ತ ಕೂರುವ ಮೊದಲ ಮತ್ತು ಎರಡನೇ ರಿಂಗ್‌ಗಳ ನಡುವಿನ ಭಾಗವೇ ಒಡೆದುಹೋಗಿತ್ತು. ಆ ಸಿಲಿಂಡರ್‌ನ ಸ್ಪಾರ್ಕ್ ಪ್ಲಗ್‌ನ ಬಿಳಿಯ ಪಿಂಗಾಣಿಯ ಮೇಲೆ ಅಲ್ಯೂಮಿನಿಯಂನ ಸಣ್ಣ ಚುಕ್ಕೆಗಳು ಅಂಟಿಕೊಂಡಿದ್ದವು. ಅದು ನಾಕಿಂಗ್‌ನ ಗುರುತು: ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರಮವಾಗಿ ಉರಿಯದೆ ಒಮ್ಮೆಲೇ ಸ್ಫೋಟಿಸಿದಾಗ ಪಿಸ್ಟನ್‌ನ ಲೋಹವೇ ಕರಗಿ ಸಿಡಿಯುತ್ತದೆ.

ಬೇರೆ ಇಸಿಯು ಹಾಕಿಯೇ ಇರಲಿಲ್ಲ. ಮೂಲ ಇಸಿಯುವಿಗೆ ಒತ್ತಡದ ಸೆನ್ಸರ್‌ನಿಂದ ಬರುವ ವೋಲ್ಟೇಜ್ ಒಂದು ಮಿತಿಗಿಂತ ಮೇಲೆ ಹೋಗದಂತೆ ತಡೆಯುವ ಸಣ್ಣ ಸರ್ಕಿಟ್ ಒಂದನ್ನು ವೈರಿಂಗ್‌ನ ನಡುವೆ ಸೇರಿಸಿ, ಬೂಸ್ಟ್ ಏರಿದಂತೆ ಪೆಟ್ರೋಲ್‌ನ ಒತ್ತಡವನ್ನು ಏರಿಸುವ ರೆಗ್ಯುಲೇಟರ್ ಕೂರಿಸಿದ್ದರು. ಬಿಲ್ಲಿನಲ್ಲಿ ಇದಕ್ಕೆಲ್ಲ ‘ಟ್ಯೂನಿಂಗ್’ ಎಂಬ ಒಂದೇ ಪದವಿತ್ತು. ಟರ್ಬೊ ಇಲ್ಲದ ಇಂಜಿನ್‌ನ ಸೆನ್ಸರ್ ಅಳೆಯುವುದು ಸುಮಾರು 1 ಬಾರ್‌ನವರೆಗಿನ ಒತ್ತಡವನ್ನು ಮಾತ್ರ, ಏಕೆಂದರೆ ಆ ಇಂಜಿನ್‌ಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚು ಎಂದೂ ಇರುವುದಿಲ್ಲ. 50 ಕಿಲೋಗೆ ಮುಳ್ಳು ನಿಂತುಬಿಡುವ ತಕ್ಕಡಿಯ ಮೇಲೆ 75 ಕಿಲೋ ಕಾಫಿ ಚೀಲ ಇಟ್ಟರೆ ಅದು 50 ಎಂದೇ ತೋರಿಸುವಂತೆ, ಇಸಿಯು ಬೂಸ್ಟ್‌ನ ಗಾಳಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆಗ ಪೆಟ್ರೋಲ್ ಸಾಲದಾಗುತ್ತದೆ. ಅದಕ್ಕಿಂತಲೂ ಅಪಾಯದ ಸಂಗತಿಯೆಂದರೆ ಇಗ್ನಿಶನ್ ಟೈಮಿಂಗ್ (ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಕ್ಷಣ) ಬೂಸ್ಟ್ ಇಲ್ಲದ ಇಂಜಿನ್‌ಗೆ ಬೇಕಾದಷ್ಟೇ ಮುಂದಿರುತ್ತದೆ, ಹಿಂದೆ ಸರಿಯುವುದೇ ಇಲ್ಲ. ರೆಗ್ಯುಲೇಟರ್ ಪೆಟ್ರೋಲ್ ಹೆಚ್ಚಿಸಬಹುದೇ ಹೊರತು ಟೈಮಿಂಗ್ ಅನ್ನು ಮುಟ್ಟಲಾರದು.

ಪೆಟ್ರೋಲ್‌ನ ಲೆಕ್ಕವನ್ನು ಯಾರು ಬೇಕಾದರೂ ಕಾಗದದ ಮೇಲೆ ಮಾಡಬಹುದು. ಟರ್ಬೊ ಪೆಟ್ರೋಲ್ ಇಂಜಿನ್‌ಗೆ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಎಂದು ಹಿಡಿಯುವುದು ರೂಢಿ. 120 ಬಿಎಚ್‌ಪಿಗೆ 72 ಪೌಂಡ್. ನಾಲ್ಕು ಇಂಜೆಕ್ಟರ್‌ಗೆ ಹಂಚಿದರೆ ಒಂದಕ್ಕೆ 18. ಇಂಜೆಕ್ಟರ್ ಶೇ 80ಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದೆಂದರೆ 22.5 ಪೌಂಡ್, ಅಂದರೆ ನಿಮಿಷಕ್ಕೆ ಸುಮಾರು 235 ಸಿಸಿ ಸಾಮರ್ಥ್ಯ ಬೇಕು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಅದೇ ಗಾಳಿಗೆ ಇದು ಇನ್ನೂ ಶೇ 8-9ರಷ್ಟು ಹೆಚ್ಚು ಬೇಕಾಗುವುದರಿಂದ 255ರ ಹತ್ತಿರ ಹೋಗುತ್ತದೆ. ಹಳೆಯ ಕಾರಿನ ರಬ್ಬರ್ ಪೈಪುಗಳೂ ಸೀಲುಗಳೂ ಎಥನಾಲ್‌ಗೆ ಬೇಗ ಹಾಳಾಗುತ್ತವೆ ಎಂಬುದನ್ನೂ ಇದರ ಜೊತೆಗೆ ನೆನಪಿಡಬೇಕು. ನಮ್ಮ ಕಾರಿನಲ್ಲಿ ಇಂಜೆಕ್ಟರ್‌ಗಳೂ ಪೆಟ್ರೋಲ್ ಪಂಪೂ ಕಾರ್ಖಾನೆಯಿಂದ ಬಂದವೇ ಇದ್ದವು. ಒತ್ತಡ ಏರಿದಾಗ ಹಳೆಯ ಪಂಪ್ ಕೊಡುವ ಪೆಟ್ರೋಲ್‌ನ ಪ್ರಮಾಣ ಇಳಿಯುತ್ತದೆ ಎಂಬುದನ್ನು ಯಾರೂ ಅಳೆದು ನೋಡಿರಲಿಲ್ಲ.

ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಚಿಕ್ಕಮಗಳೂರು ಪಟ್ಟಣ ಸಮುದ್ರಮಟ್ಟದಿಂದ ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 0.9 ಬಾರ್. ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಬದಿಗೆ ಬಿಡುವ ವೇಸ್ಟ್‌ಗೇಟ್‌ನ ಸ್ಪ್ರಿಂಗ್ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡವಿದೆ ಎಂಬುದನ್ನು ಮಾತ್ರ ನೋಡುತ್ತದೆ. ಹಾಗಾಗಿ ಗೇಜ್ 0.5 ಎಂದು ತೋರಿಸುವಾಗ ಇಲ್ಲಿ ಇಂಜಿನ್‌ನೊಳಗೆ ಹೋಗುವುದು ಒಟ್ಟು 1.4 ಬಾರ್, ಘಟ್ಟದ ಕೆಳಗಿನ ಉಜಿರೆಯಲ್ಲಿ ಅದೇ 0.5 ಎಂದರೆ ಒಟ್ಟು 1.5 ಬಾರ್. ಗೇಜ್ ನೋಡುವವನಿಗೆ ಎರಡೂ ಒಂದೇ. ಮೇಲಾಗಿ, 30 ಡಿಗ್ರಿಯ ಗಾಳಿಯನ್ನು ಸಮುದ್ರಮಟ್ಟದಲ್ಲಿ ಒಂದೂವರೆ ಪಟ್ಟು ಒತ್ತಿದರೆ, ಸಣ್ಣ ಟರ್ಬೊದ ದಕ್ಷತೆ ಶೇ 65 ಎಂದುಕೊಂಡರೂ ಅದು ಹೊರಬರುವಾಗ 85 ಡಿಗ್ರಿ ದಾಟಿರುತ್ತದೆ. ಇಂಟರ್‌ಕೂಲರ್ ಇರುವುದೇ ಇದನ್ನು ಇಳಿಸಲಿಕ್ಕೆ. ಆದರೆ ಘಟ್ಟದ ತಿರುವುಗಳಲ್ಲಿ ಕಾರಿನ ವೇಗ ಕಡಿಮೆ, ಅದರ ಮೂಲಕ ಹಾಯುವ ಗಾಳಿಯೂ ಕಡಿಮೆ. ಕಡೂರು ರಸ್ತೆಯ ತಂಪು ಬೆಳಗಿನಲ್ಲಿ ಕೆಲವೇ ಸೆಕೆಂಡುಗಳ ಓಟಕ್ಕೆ ಹೊಂದಿಸಿದ ಇಂಜಿನ್ ಅನ್ನು ಘಟ್ಟದ ಬುಡದ ಸೆಕೆಯಲ್ಲಿ, ಹೆಚ್ಚು ಒತ್ತಡದ ಗಾಳಿಯಲ್ಲಿ, ನಿಮಿಷಗಟ್ಟಲೆ ಬೂಸ್ಟ್‌ನಲ್ಲಿ ದುಡಿಸಿದರೆ ಮೊದಲೇ ಅಂಚಿನಲ್ಲಿದ್ದದ್ದು ಅಂಚು ದಾಟುತ್ತದೆ. ಇದನ್ನು ತಿಳಿಯದವರು ನಮ್ಮ ಕಡೆಯ ಕಾರನ್ನು ಟ್ಯೂನ್ ಮಾಡಬಾರದು ಎಂದೇ ನನ್ನ ಅಭಿಪ್ರಾಯ. ಚಾರ್ಮಾಡಿ, ಶಿರಾಡಿ, ಆಗುಂಬೆ ಇಳಿದು ಹತ್ತುವುದು ನಮಗೆ ಅಪರೂಪದ ಪ್ರವಾಸವಲ್ಲ.

ಕಂಪ್ರೆಶನ್ ಇಳಿಸುತ್ತೇವೆ ಎಂದಿದ್ದವರು ಮಾಡಿದ್ದು ಎರಡು ಹೆಡ್ ಗ್ಯಾಸ್ಕೆಟ್‌ಗಳನ್ನು (ಹೆಡ್ ಮತ್ತು ಸಿಲಿಂಡರ್‌ಗಳ ನಡುವಿನ ಸೀಲ್) ಒಂದರ ಮೇಲೊಂದು ಇಟ್ಟು ಬಿಗಿದದ್ದು. ಇದು ಕೆಟ್ಟ ವಿಧಾನ: ಎರಡರ ನಡುವೆ ಒತ್ತಡ ಸೋರುವ ಹೊಸ ದಾರಿಯೊಂದು ಹುಟ್ಟುತ್ತದೆ, ಪಿಸ್ಟನ್ ಮತ್ತು ಹೆಡ್ಡಿನ ನಡುವಿನ ಸಂದು ಅಗಲವಾಗಿ ಮಿಶ್ರಣ ಸರಿಯಾಗಿ ಕಲಕದೆ ನಾಕಿಂಗ್‌ಗೆ ಇನ್ನಷ್ಟು ಅನುಕೂಲವಾಗುತ್ತದೆ. ಕಂಪ್ರೆಶನ್ ಇಳಿಸಲೇಬೇಕಿದ್ದರೆ ಅದಕ್ಕೆ ತಕ್ಕ ಪಿಸ್ಟನ್ ಹಾಕಬೇಕು, ಇಲ್ಲವೇ ಸೋರುವ ದಾರಿಯನ್ನಾದರೂ ತಪ್ಪಿಸುವ, ಲೋಹದ ಪದರಗಳ ಒಂದೇ ದಪ್ಪ ಗ್ಯಾಸ್ಕೆಟ್ ಹಾಕಬೇಕು. ರಿಂಗ್‌ಗಳ ತುದಿಗಳ ನಡುವಿನ ಗ್ಯಾಪ್ ಕೂಡ ಹಳೆಯದೇ ಇತ್ತು. ಬೂಸ್ಟ್‌ನಲ್ಲಿ ರಿಂಗ್ ಹೆಚ್ಚು ಕಾದು ಹಿಗ್ಗುತ್ತದೆ. ತುದಿಗಳು ಒಂದಕ್ಕೊಂದು ತಾಗಿದರೆ ರಿಂಗ್ ಬೋರಿಗೆ ಕಚ್ಚಿಕೊಂಡು ಪಿಸ್ಟನ್‌ನ ಅಂಚನ್ನು ಮುರಿಯುತ್ತದೆ. ಬೋರಿನ ಅಳತೆಯ 0.005ರಿಂದ 0.006 ಭಾಗದಷ್ಟು ಗ್ಯಾಪ್ ಬಿಡುವುದು ಟರ್ಬೊ ಇಂಜಿನ್‌ಗಳ ಸಾಮಾನ್ಯ ಲೆಕ್ಕ, 74 ಮಿ.ಮೀ. ಬೋರಿಗೆ ಅದು 0.37ರಿಂದ 0.44 ಮಿ.ಮೀ. ಪಿಸ್ಟನ್ ತಯಾರಕರು ತಮ್ಮದೇ ಅಳತೆ ಕೊಟ್ಟಿದ್ದರೆ ಅದೇ ಅಂತಿಮ.

ಟರ್ಬೊ ಗುಜರಿಯಿಂದ ತಂದ ಸಣ್ಣ ಡೀಸೆಲ್ ಕಾರಿನದು. ಡೀಸೆಲ್‌ನ ಹೊಗೆಗಿಂತ ಪೆಟ್ರೋಲ್ ಇಂಜಿನ್‌ನ ಹೊಗೆ ಹೆಚ್ಚು ಬಿಸಿ. ಪೂರ್ಣ ಭಾರದಲ್ಲಿ 900 ಡಿಗ್ರಿಯನ್ನೂ ಮುಟ್ಟುತ್ತದೆ. ಡೀಸೆಲ್‌ನ ಟರ್ಬೊಗಳೆಲ್ಲ ಅದನ್ನು ಬಹುಕಾಲ ತಾಳುವುದಿಲ್ಲ. ಜೊತೆಗೆ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಆ ಶಾಫ್ಟ್‌ನಿಂದ ಆಯಿಲ್ ಹಿಂದಿರುಗುವ ಪೈಪನ್ನು ನಡುವೆ ಜೋಲುಬಿಟ್ಟಿದ್ದರು. ಆಯಿಲ್ ಅಲ್ಲಿಂದ ಇಳಿಯುವುದು ತನ್ನ ಭಾರದಿಂದಲೇ ಆದ್ದರಿಂದ, ಆ ಪೈಪ್ ಅಗಲವಾಗಿ, ಎಲ್ಲೂ ಮೇಲಕ್ಕೆ ಬಾಗದೆ ಇಳಿದು, ಚೇಂಬರ್‌ನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆ ಸೇರಬೇಕು. ಹಾಗಿಲ್ಲದಿದ್ದರೆ ಟರ್ಬೊದ ಸೀಲ್ ಚೆನ್ನಾಗಿದ್ದರೂ ಆಯಿಲ್ ಸೋರಿ ಹೊಗೆಯಾಗುತ್ತದೆ.

ಆದ್ದರಿಂದ ಯೋಜನೆ ಶುರುವಾಗಬೇಕಾದದ್ದು ಟರ್ಬೊದಿಂದ ಅಲ್ಲ, ಇಂಜಿನ್‌ನ ಆರೋಗ್ಯದಿಂದ. ನಾಲ್ಕೂ ಸಿಲಿಂಡರ್‌ಗಳ ಕಂಪ್ರೆಶನ್ ಅಳೆಸಿ. ಅವುಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಆ ಕೆಲಸ ಮುಗಿಸಿ. ಗಾಳಿ ತುಂಬಿ ಸೋರಿಕೆ ನೋಡುವ ಪರೀಕ್ಷೆಯನ್ನೂ ಮಾಡಿಸಿದರೆ ರಿಂಗ್, ವಾಲ್ವ್, ಗ್ಯಾಸ್ಕೆಟ್‌ಗಳಲ್ಲಿ ಯಾವುದು ದುರ್ಬಲ ಎಂದು ತಿಳಿಯುತ್ತದೆ. ಆಮೇಲೆ ಹೊಸ ಇಸಿಯು, 2 ಬಾರ್‌ಗಿಂತ ಹೆಚ್ಚು ಅಳೆಯುವ ಸೆನ್ಸರ್, ಹೊರಗಿನ ಗಾಳಿಯ ಒತ್ತಡವನ್ನೂ ಒಳಬರುವ ಗಾಳಿಯ ಉಷ್ಣತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ವ್ಯವಸ್ಥೆ, ತಕ್ಕ ಇಂಜೆಕ್ಟರ್, ತಕ್ಕ ಪಂಪ್, ಮತ್ತು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಕಾರಿನ ಮೂಲ ಆಕ್ಸಿಜನ್ ಸೆನ್ಸರ್ 14.7ರ ಆಸುಪಾಸಿನ ಗಾಳಿ-ಪೆಟ್ರೋಲ್ ಅನುಪಾತವನ್ನು ಮಾತ್ರ ಸರಿಯಾಗಿ ಗುರುತಿಸುತ್ತದೆ. ಬೂಸ್ಟ್‌ನಲ್ಲಿ ಬೇಕಾದ 11.5ರಿಂದ 12ರ ಅನುಪಾತ ಇದೆಯೋ ಇಲ್ಲವೋ ಎಂಬುದನ್ನು ವೈಡ್‌ಬ್ಯಾಂಡ್ ಇಲ್ಲದೆ ತಿಳಿಯಲಾಗದು. ಎಥನಾಲ್ ಬೆರೆತಾಗ ಈ ಅಂಕಿಗಳೂ ಸರಿಯುವುದರಿಂದ ಲ್ಯಾಂಬ್ಡಾ ಲೆಕ್ಕದಲ್ಲಿ (ಇಂಧನ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿಯನ್ನು 1 ಎಂದು ಹಿಡಿಯುವ ಲೆಕ್ಕ), ಅಂದರೆ ಸುಮಾರು 0.8 ಎಂದು ನೋಡುವುದು ಇನ್ನೂ ಒಳ್ಳೆಯದು. ಇಷ್ಟಕ್ಕೆ ಹಣವಿಲ್ಲದಿದ್ದರೆ ಟರ್ಬೊ ಕೊಳ್ಳಬೇಡಿ. ಇದನ್ನು ಕಟುವಾಗಿಯೇ ಹೇಳುತ್ತೇನೆ, ಏಕೆಂದರೆ ನಮ್ಮ ತಂದೆ ಕೊಂಡಿದ್ದ ಆ ಕಾರನ್ನು ಇಷ್ಟು ವರ್ಷ ಕಾಪಾಡಿದವನು ನನ್ನ ತಮ್ಮ, ಮತ್ತು ಅವನು ಆ ಪಿಸ್ಟನ್‌ನ ಚೂರುಗಳನ್ನು ಕೈಯಲ್ಲಿ ಹಿಡಿದು ನಿಂತದ್ದನ್ನು ನೋಡಿದ್ದೇನೆ.

ಕಾನೂನಿನ ಮಾತನ್ನು ಆ ಕಾರ್ಯಾಗಾರದವರು ಎತ್ತಲೇ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ ಅಡಿಯಲ್ಲಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ ವಿಧಿಸಬಹುದು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸುವಾಗ ಬಾನೆಟ್ ತೆರೆಯಲೇಬೇಕಾಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಲು ಇದೇ ಕಾರಣ ಸಾಕಾಗಬಹುದು. ಟರ್ಬೊ ಕಟ್ಟುವ ಆಸೆ ಗಾಢವಾಗಿದ್ದರೆ ಅದನ್ನು ರಸ್ತೆಗಿಳಿಯದ, ಸ್ಪರ್ಧೆಗೆ ಮಾತ್ರ ಮೀಸಲಾದ ಕಾರಿನಲ್ಲಿ ಮಾಡುವುದೇ ಸರಿಯಾದ ದಾರಿ.

ಈಗಾಗಲೇ ಯಾರದಾದರೂ ಕಾರು ಇಂಥ ಕೆಲಸಕ್ಕೆ ಗ್ಯಾರೇಜಿನಲ್ಲಿದ್ದರೆ, ಹಣದ ಮುಂದಿನ ಕಂತು ಕೊಡುವ ಮೊದಲು ಕೆಲವನ್ನು ಬರಹದಲ್ಲಿ ಕೇಳಿ: ಇಸಿಯುವಿನ ಹೆಸರು ಮತ್ತು ಮಾದರಿ, ಇಂಜೆಕ್ಟರ್‌ನ ಸಾಮರ್ಥ್ಯ, ಕಂಪ್ರೆಶನ್ ಇಳಿಸಿದ ವಿಧಾನ, ರಿಂಗ್ ಗ್ಯಾಪ್‌ನ ಅಳತೆ. ಕೆಲಸ ಮುಗಿದ ಮೇಲೆ ಪೂರ್ಣ ಬೂಸ್ಟ್‌ನಲ್ಲಿ ಅನುಪಾತ, ಟೈಮಿಂಗ್, ಒಳಬರುವ ಗಾಳಿಯ ಉಷ್ಣತೆ ಮೂರೂ ದಾಖಲಾದ ಕಡತವನ್ನು ಪಡೆಯಿರಿ, ಅದರಲ್ಲಿ ಘಟ್ಟದ ಕೆಳಗಿನಿಂದ ಮೇಲಕ್ಕೆ ಹತ್ತಿದ ದಾಖಲೆಯೂ ಇರಲಿ. ನಾವು ಮುರಿದ ಪಿಸ್ಟನ್‌ನೊಂದಿಗೆ ಹೋದಾಗ ಇಂಜಿನ್ ಹಳೆಯದಾಗಿದ್ದರಿಂದ ತಾಳಲಿಲ್ಲ ಎಂಬುದಷ್ಟೇ ಅವರ ಉತ್ತರವಾಗಿತ್ತು. ‘ಟ್ಯೂನಿಂಗ್’ ಎಂಬ ಒಂದೇ ಪದದ ಬಿಲ್ಲನ್ನು ಹಿಡಿದು ಅದಕ್ಕೆ ಮರುಮಾತು ಹೇಳಲು ನಮಗೆ ಆಗಲಿಲ್ಲ. ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆದರೆ ಕೊಡುತ್ತೇವೆಂದ ಸಾಮಾನು ಯಾವುದು, ಹಾಕಿದ್ದು ಯಾವುದು ಎಂದು ತೋರಿಸುವ ಕಾಗದವಿಲ್ಲದಿದ್ದರೆ, ಜೊತೆಗೆ ಮಾರ್ಪಾಡೇ ಕಾಯ್ದೆಗೆ ವಿರುದ್ಧವಾಗಿದ್ದರೆ, ಆ ದೂರು ನಿಲ್ಲುವುದು ಕಷ್ಟ. ಬಿಚ್ಚಿದ ಪ್ರತಿ ಭಾಗದ ಫೋಟೊ ತೆಗೆದಿಟ್ಟುಕೊಳ್ಳಿ, ಹಳೆಯ ಭಾಗಗಳನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ, ಮತ್ತು ಮೇಲಿನ ದಾಖಲೆಗಳು ಕೈಸೇರುವವರೆಗೆ ಆ ಕಾರನ್ನು ಬೂಸ್ಟ್‌ನಲ್ಲಿ ಓಡಿಸಬೇಡಿ.