ಕಾರ್ಪೆಟ್ ಕಿತ್ತು ಇವಿಎ ಹಾಳೆ ಹಾಸಿದ ದೋಣಿ: ಮೂರು ಮಳೆಗಾಲದ ನಂತರ

ಕಾರ್ಪೆಟ್ಟಿನ ಬದಲು ದೋಣಿಯ ನೆಲಕ್ಕೆ ಅಂಟಿಸಿದ ಇವಿಎ (ರಬ್ಬರಿನಂಥ ಮೆತ್ತನೆಯ ಫೋಮ್) ಹಾಳೆಗೆ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಬಣ್ಣದ್ದು, ಅದರಲ್ಲಿ ಅರ್ಧ ನನ್ನದೇ ತಪ್ಪು.

ನನ್ನದು 14 ಅಡಿಯ ಹಳೇ ಅಲ್ಯೂಮಿನಿಯಂ ದೋಣಿ. ಗೋವಾದ ಜುವಾರಿ ನದಿಯ ದಂಡೆಯಲ್ಲಿ, ನಮ್ಮ ಚಿಕಾಲಿ ಕಡೆ, ಸುತ್ತಮುತ್ತ ಎಲ್ಲರದೂ ಫೈಬರ್. ಕಲ್ಲಿಗೆ ತಾಗಿದರೆ ಬೋಗುಣಿ ಬಿದ್ದಂತೆ ಸದ್ದು ಮಾಡುವ ನನ್ನ ದೋಣಿ ಅವರಿಗೆಲ್ಲ ತಮಾಷೆ. 2021ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಾಗ ಒಳಗೆ ಹಸಿರು ಕಾರ್ಪೆಟ್ ಇತ್ತು, ನೋಡಲು ಚೆಂದವೂ ಇತ್ತು. ಭಾನುವಾರ ಕುಡಿದ ನೀರು ಬುಧವಾರಕ್ಕೂ ಅದರಲ್ಲಿ ಆರುತ್ತಿರಲಿಲ್ಲ. ಗಾಳ ಸಿಕ್ಕಿಕೊಂಡರೆ ಬ್ಲೇಡಿನಿಂದ ಕೊಯ್ದೇ ಬಿಡಿಸಬೇಕು. ವಾಸನೆಯಂತೂ ಅಂಕೋಲೆಯಲ್ಲಿ ಹುಟ್ಟಿ ಬೆಳೆದ ನನಗೇ ತಡೆಯಲಾಗದಷ್ಟು.

2022ರ ಜೂನ್ 1ರಿಂದ ಜುಲೈ 31ರವರೆಗೆ, ಪ್ರತಿವರ್ಷದ 61 ದಿನಗಳ ಮೀನುಗಾರಿಕೆ ನಿಷೇಧಕ್ಕೆ ಟ್ರಾಲರುಗಳೆಲ್ಲ ಜೆಟ್ಟಿ ಹಿಡಿದಾಗ ನಾನೂ ದೋಣಿ ಮೇಲೆಳೆದು ಕಾರ್ಪೆಟ್ ಕಿತ್ತೆ. ಬರೀ ಕಾರ್ಪೆಟ್ ಬದಲಿಸಿ ಮುಗಿಸುವ ಅಂದಾಜು ನನ್ನದು. ಹಲಗೆಗೆ ಕೈ ಹಾಕಿದರೆ ಚಹಾದಲ್ಲಿ ನೆನೆದ ಬಿಸ್ಕತ್ತಿನ ಹಾಗೆ ಅಂಚು ಕೈಗೇ ಬಂತು. ತೇಲುವುದಕ್ಕೆಂದು ಅಡಿಯಲ್ಲಿ ತುಂಬಿದ್ದ ಫೋಮ್ ಎಷ್ಟು ನೀರು ಹೀರಿತ್ತೆಂದರೆ, ದಿಂಬಿನಷ್ಟು ದೊಡ್ಡ ತುಂಡು ಎತ್ತಲು ಎರಡೂ ಕೈ ಬೇಕಾಯಿತು. ಅದರಡಿಯ ತಗಡಿನ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ. ಉಗುರಿನಲ್ಲಿ ಕೆರೆದಲ್ಲೆಲ್ಲ ಕೆಳಗೊಂದು ಗುಳಿ. ಮೂರು ಕಡೆ ಟಾರ್ಚಿನ ಬೆಳಕು ಆಚೆ ಕಾಣಿಸಿತು. ಬೈನಾದಿಂದ ಕರೆತಂದ ವೆಲ್ಡರ್ ಬಾಗಲಕೋಟೆ ಕಡೆಯವನು. ಒಮ್ಮೆ ಬಗ್ಗಿ ನೋಡಿ, “ಸರ, ಇದು ದೋಣಿ ಅಲ್ರೀ, ಜರಡಿ ಆಗೇತಿ” ಅಂದ. ಆರ್ಗಾನ್ ವೆಲ್ಡಿಂಗಿನಲ್ಲಿ ತೇಪೆ ಹಾಕಿಕೊಟ್ಟ.

ಅಲ್ಯೂಮಿನಿಯಂ ತನ್ನ ಮೈಮೇಲೆ ತಾನೇ ತೆಳುವಾದ ಪೊರೆ ಕಟ್ಟಿಕೊಂಡು ಉಳಿಯುವ ಲೋಹ. ಪೊರೆ ಹರಿದಾಗ ಮತ್ತೆ ಕಟ್ಟಿಕೊಳ್ಳಲು ಗಾಳಿ ತಾಗಬೇಕು. ಕಾರ್ಪೆಟ್ ಹಲಗೆಗೆ, ಹಲಗೆ ಫೋಮಿಗೆ, ಫೋಮ್ ತಗಡಿಗೆ ಅಂತ ಉಪ್ಪುನೀರು ದಾಟಿಸುತ್ತಾ ಒದ್ದೆ ಪಟ್ಟಿ ಕಟ್ಟಿದಂತೆ ವರ್ಷಗಟ್ಟಲೆ ಕೂತರೆ ಗಾಳಿ ಎಲ್ಲಿಂದ ಬರಬೇಕು? ಹಾಗಾಗಿ ಹೊಸ ನೆಲ ಮಾಡುವಾಗ ಮೇಲೆ ಏನು ಹಾಸಲಿ ಅನ್ನುವುದಕ್ಕಿಂತ ಕೆಳಗಿನ ನೀರು ಎಲ್ಲಿಂದ ಹೊರಗೆ ಹೋಗಲಿ ಅನ್ನುವುದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡೆ. ಸುತ್ತ ಬೆರಳು ತೂರುವಷ್ಟು ಸಂದು ಬಿಟ್ಟೆ. ಹೊಸ ಫೋಮನ್ನು ತಳಕ್ಕೆ ತಾಗದಂತೆ ಪಟ್ಟಿಗಳ ಮೇಲೆ ಕೂರಿಸಿದೆ. ಥರ್ಮೋಕೋಲ್ ಅಗ್ಗ, ಆದರೆ ಪೆಟ್ರೋಲ್ ಚೆಲ್ಲಿದರೆ ಕರಗಿಹೋಗುತ್ತದೆ. ಅದು ಬೇಡ.

ಹಲಗೆಗೆ 12 ಮಿ.ಮೀ. ಮರೈನ್ ಪ್ಲೈ ತಂದೆ, ಐಎಸ್ 710 (ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ) ಮುದ್ರೆ ಇದ್ದದ್ದು. ಮೊದಲ ಹಾಳೆ ಕೊಯ್ದರೆ ನಡುವೆ ಬೆಂಕಿಕಡ್ಡಿ ಹೋಗುವಷ್ಟು ಪೊಳ್ಳು! ಅಂಗಡಿಯವ ಗೊಣಗುತ್ತಾ ಬದಲಿಸಿಕೊಟ್ಟ. ಆ ಗುಣಮಟ್ಟದ ಪ್ಲೈ 72 ಗಂಟೆ ಕುದಿಸುವ ಪರೀಕ್ಷೆಯನ್ನು ದಾಟಿರಬೇಕು ನಿಜ. ಆದರೆ ಅದು ಅಂಟಿನ ಪರೀಕ್ಷೆ. ಬರೀ ಮೈಯಲ್ಲಿ ನೀರು ಕುಡಿಯುತ್ತಾ ಕೂತರೆ ಮರೈನ್ ಪ್ಲೈಯ ಮರವೂ ಮೆತ್ತಗಾಗುತ್ತದೆ. ಮೇಲಾಗಿ ಹುಳ, ಬೂಷ್ಟು ಹಿಡಿಯದಿರಲಿ ಅಂತ ಪ್ಲೈಗೆ ಕುಡಿಸುವ ಔಷಧದಲ್ಲಿ ತಾಮ್ರ ಇರುವುದುಂಟು. ತಾಮ್ರವೂ ಉಪ್ಪುನೀರೂ ಸೇರಿದರೆ ಅಲ್ಯೂಮಿನಿಯಂ ಗತಿ ಮುಗಿಯಿತು. ಹಾಗಾಗಿ ಎರಡು ಮೈ, ನಾಲ್ಕು ಅಂಚು, ಪ್ರತಿ ತೂತಿನ ಒಳಗೂ ಎಪಾಕ್ಸಿ (ಗಟ್ಟಿಕಾರಕ ಬೆರೆಸಿ ಹಚ್ಚುವ, ನೀರು ತಡೆಯುವ ರಾಳ), ತಗಡಿಗೂ ಹಲಗೆಗೂ ನಡುವೆ ರಬ್ಬರ್ ಪಟ್ಟಿ.

ಎಪಾಕ್ಸಿಯನ್ನು ಜುಲೈನಲ್ಲಿ ಹಚ್ಚಿದ್ದು ಮೂರ್ಖತನ. ಹೊರಗೆ ಧೋ ಎಂದು ಮಳೆ, ಶೆಡ್ಡಿನ ಗೋಡೆಯೇ ಬೆವರುತ್ತಿತ್ತು. ಬೆಳಿಗ್ಗೆ ನೋಡಿದರೆ ಹಲಗೆಯ ಮೇಲೆ ಜಿಡ್ಡುಜಿಡ್ಡಾದ ಬಿಳಿ ಪೊರೆ. ಮಾಲು ಕೆಟ್ಟಿದೆ ಅಂತ ಅಂಗಡಿಗೆ ಫೋನ್ ಮಾಡಿ ಜಗಳವೂ ಆಯಿತು. ತಪ್ಪು ಅವರದಲ್ಲ, ಹವೆಯ ತೇವಕ್ಕೆ ಗಟ್ಟಿಕಾರಕದಿಂದ ಬರುವ ಪೊರೆ ಅದು. ಬಿಸಿನೀರು ಹಾಕಿ ಪಾತ್ರೆ ತಿಕ್ಕುವ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ಉಜ್ಜದೆ ಮರಳು ಕಾಗದ ಹಾಕಿದರೆ ಜಿಡ್ಡು ಒಳಗೇ ಸೇರುತ್ತದೆ. ನಾನು ಮೊದಲು ಮಾಡಿದ್ದು ಅದನ್ನೇ.

ಸ್ಕ್ರೂ ಎಲ್ಲ 316 ದರ್ಜೆಯ ಸ್ಟೇನ್‌ಲೆಸ್, ನೈಲಾನ್ ವಾಷರ್ ಕೊಟ್ಟು ಸೀಲೆಂಟಿನಲ್ಲಿ ಅದ್ದಿ ಕೂರಿಸಿದ್ದು. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಕೂಡ ಅಲ್ಯೂಮಿನಿಯಂನ ಪಕ್ಕ ಉಪ್ಪುನೀರಿನಲ್ಲಿ ಕೂತರೆ ಅಲ್ಯೂಮಿನಿಯಂ ತಿನ್ನುತ್ತದೆ. ಕೊನೆಯ ಸಾಲಿಗೆ ವಾಷರ್ ಮುಗಿದಿತ್ತು, ವಾಸ್ಕೋಗೆ ಹೋಗಿ ತರುವ ಸೋಮಾರಿತನ. ಕಳೆದ ತಿಂಗಳು ಬಿಚ್ಚಿ ನೋಡಿದೆ. ವಾಷರ್ ಇದ್ದ ತೂತುಗಳು ಹೊಸತರಂತಿವೆ. ಇಲ್ಲದ ನಾಲ್ಕರ ಸುತ್ತ ಅದೇ ಬಿಳಿ ಪುಡಿ.

ಇನ್ನು ಹಾಳೆ. 6 ಮಿ.ಮೀ. ದಪ್ಪದ ಇವಿಎ ಫೋಮ್, ಹಿಂದೆ ಅಂಟು, ಮೇಲೆ ತೇಗದ ಹಲಗೆಯಂಥ ಕಂದು ಗೆರೆ. ಆಗಸ್ಟ್‌ನಲ್ಲಿ ಬಿಸಿಲು ಬಂದ ದಿನ ಅಸಿಟೋನ್‌ನಿಂದ ಒರೆಸಿ, ಅಡುಗೆಮನೆಯ ಲಟ್ಟಣಿಗೆ ತಂದು ಮಧ್ಯದಿಂದ ಅಂಚಿಗೆ ಒತ್ತುತ್ತಾ ಅಂಟಿಸಿದೆ. ಲಟ್ಟಣಿಗೆಯನ್ನು ಮನೆಯೊಳಗೆ ಮತ್ತೆ ಸೇರಿಸಲಿಲ್ಲ, ಹೊಸದು ಕೊಡಿಸಬೇಕಾಯಿತು.

ಒದ್ದೆ ಕಾಲಿಗೆ ಹಿಡಿತ ಚೆನ್ನಾಗಿದೆ. ದಿನವಿಡೀ ನಿಂತರೂ ಮೊಣಕಾಲು ನೋಯುವುದಿಲ್ಲ. ಒಂದು ಬಕೆಟ್ ನೀರು, ಬ್ರಷ್ಷು, ಹತ್ತು ನಿಮಿಷ, ವಾಸನೆ ಮಾಯ. ತಗಡಿನ ಸದ್ದು ಎಷ್ಟೋ ಅಡಗಿದೆ. ಜುವಾರಿಯ ಹೊಸ ಸೇತುವೆ 2022ರ ಡಿಸೆಂಬರಿನಲ್ಲಿ ತೆರೆದ ಮೇಲೆ ಅದರ ನೆರಳಿನಲ್ಲೇ ಹೆಚ್ಚಾಗಿ ಗಾಳ ಬಿಡುತ್ತೇನೆ. ಅಲ್ಲಿ ಸಿಕ್ಕ ಚೊಣಕು ಒಂದು ಒಳಗೆ ಬಿದ್ದು ಒದ್ದಾಡಿದಾಗ ಹಾಳೆಯ ಮೇಲೆ ಗೀಚಿದ ಮೂರು ಗೀರು ಇನ್ನೂ ಇವೆ. ಆ ಮೀನಿನ ಕಿವಿರಿನ ಮುಚ್ಚಳ ಬ್ಲೇಡಿನಷ್ಟು ಹರಿತ. ಹಾಳೆ ಹರಿದಿಲ್ಲ, ಗೀರು ಬಿದ್ದಿದೆ ಅಷ್ಟೇ.

ದೂರು ಬಿಸಿಲಿನದು. ಏಪ್ರಿಲ್ ಮಧ್ಯಾಹ್ನ ಆ ಕಂದು ಬಣ್ಣದ ಮೇಲೆ ಬರಿಗಾಲು ಇಟ್ಟರೆ ಕಾದ ಕಾವಲಿ. ಮಗಳು ಒಮ್ಮೆ ಕುಣಿಯುತ್ತಾ ಹೋಗಿ ಐಸ್‌ಬಾಕ್ಸಿನ ಮೇಲೆ ಹತ್ತಿ ಕೂತಳು. ತಿಳಿ ಬೂದು ಬಣ್ಣದ್ದೂ ಸಿಗುತ್ತಿತ್ತು, ಫೋಟೊದಲ್ಲಿ ತೇಗ ಚೆಂದ ಕಂಡಿತೆಂದು ಇದನ್ನು ತರಿಸಿದೆ. ಎರಡನೇ ಬೇಸಿಗೆಗೆ ಹಾಳೆ ಕುಗ್ಗಿ ಜೋಡಣೆಯಲ್ಲಿ 3 ಮಿ.ಮೀ. ಸಂದು ಬಿಟ್ಟಿತು. ಮಾರಿದ ಆನ್‌ಲೈನ್ ಅಂಗಡಿಗೆ ಫೋಟೊ ಕಳಿಸಿದರೆ, “ನೆರಳಿನಲ್ಲಿ ಬಳಸಿ” ಎಂಬ ಉತ್ತರ. ದೋಣಿಯನ್ನು!

ಮತ್ತೆ ಕೊಳ್ಳುತ್ತೀಯಾ ಅಂದರೆ ಕೊಳ್ಳುತ್ತೇನೆ, ಬೂದು ಬಣ್ಣದ್ದು. ಹಿಂಬದಿಯ ಬ್ಯಾಟರಿ ಮುಚ್ಚಳಕ್ಕೆ ಆಮೇಲೆ ಕೊರೆದ ಒಂದು ತೂತಿಗೆ ಎಪಾಕ್ಸಿ ಹಚ್ಚಲು ಮರೆತಿದ್ದೆ, ಅಲ್ಲಿ ಪ್ಲೈ ಕಪ್ಪಗಾಗಿ ಮೆತ್ತಗಾಗಿದೆ. ಹೊಸ ತುಂಡು ಕೊಯ್ದಿಟ್ಟಿದ್ದೇನೆ. ಈ ಸಲ ಎಪಾಕ್ಸಿ ಮೇ ತಿಂಗಳಲ್ಲೇ.