ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡಿಸಲು ಹೊರಟವರೇ, ಆ ಹಾಳೆಗೆ ಸಹಿ ಹಾಕುವ ಮೊದಲು ಇದನ್ನೊಮ್ಮೆ ಓದಿ

ನಮಗೆ ಹೊಸ ಲೆಕ್ಕದ ಸಾಫ್ಟ್‌ವೇರ್ ಹಾಕಿಕೊಟ್ಟವರ ಹೆಸರು ಹಾಕುವುದಿಲ್ಲ. ಹಾಕಬೇಕು ಅಂತ ಕೈ ತುರಿಸ್ತಾ ಉಂಟು, ಆದರೆ ನಮ್ಮ ವಕೀಲರು ಬೇಡವೇ ಬೇಡ ಅಂದಿದ್ದಾರೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಅಡಿಕೆ, ಕಾಳುಮೆಣಸು ಖರೀದಿ ಕಂಪೆನಿಯಲ್ಲಿ 19 ವರ್ಷದಿಂದ ಲೆಕ್ಕ ನೋಡುವವ. ಅಪ್‌ಗ್ರೇಡ್ ಮಾಡಿಸುವ ಅಂತ ಧಣಿಗಳ ತಲೆಗೆ ಹಾಕಿದ್ದು ನಾನೇ. ಸಹಿ ಹಾಕಿದ್ದೂ ನಾನೇ. ಉರಿ ಇಷ್ಟು ಜಾಸ್ತಿ ಆಗಲಿಕ್ಕೆ ಅದೇ ಕಾರಣ.

ಅಪ್‌ಗ್ರೇಡ್ ಬೇಕಿರಲಿಲ್ಲ ಅಂತ ಅಲ್ಲ. ನಮ್ಮ ಹಳೆ ಸಾಫ್ಟ್‌ವೇರ್ ಓಡ್ತಾ ಇದ್ದದ್ದು ಎಸ್‌ಕ್ಯೂಎಲ್ ಸರ್ವರ್ 2008 ಅನ್ನುವ, ಡೇಟಾ ಎಲ್ಲ ಕೂಡಿಡುವ ಪ್ರೋಗ್ರಾಂನ ಮೇಲೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಪೋರ್ಟ್ 2019ರ ಜುಲೈಯಲ್ಲೇ ಮುಗಿದಿತ್ತು. 2023ರ ಏಪ್ರಿಲ್‌ನಿಂದ ಕಂಪೆನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು ಯಾವಾಗ ಎಂತ ತಿದ್ದಿದರು ಅಂತ ಜಾಡು ಉಳಿಯಲೇಬೇಕು, ಅದನ್ನು ಬಂದ್ ಮಾಡಲಿಕ್ಕೂ ಆಗಬಾರದು. ನಮ್ಮದರಲ್ಲಿ ಅದೆಲ್ಲ ಎಲ್ಲಿ! ಇ-ಇನ್‌ವಾಯ್ಸ್‌ಗೆ, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸಲಿಕ್ಕೆ, ಪಕ್ಕದಲ್ಲಿ ಬೇರೆಯೇ ಒಂದು ಪ್ರೋಗ್ರಾಂ. ಆಡಿಟರ್ ಎರಡು ವರ್ಷದಿಂದ ಬೈಯುತ್ತಿದ್ದರು.

ಹಾಗೆ ಅವರನ್ನು ಕರೆಸಿದೆವು. ಇಬ್ಬರು ಬಂದರು, ಲ್ಯಾಪ್‌ಟಾಪ್ ತೆರೆದು ಡೆಮೊ ತೋರಿಸಿದರು. ಚಂದ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಡೆಮೊದಲ್ಲಿ ಇದ್ದದ್ದು ‘ಎಬಿಸಿ ಟ್ರೇಡರ್ಸ್’. ಎಲ್ಲ ಇಂಗ್ಲಿಷ್ ಹೆಸರು, ನಾಲ್ಕೇ ಐಟಂ. ನಮ್ಮದರಲ್ಲಿ ಅಡಿಕೆಯ ಬಗೆಗಳೇ ಎಷ್ಟು: ಚೋಲು ಬೇರೆ, ಡಬಲ್ ಚೋಲು ಬೇರೆ, ಪಟೋರ, ಉಳ್ಳಿ, ಕೋಕ, ಕರಿಗೋಟು ಎಲ್ಲ ಬೇರೆ ಬೇರೆ. ಪಟೋರ ಒಂದಕ್ಕೇ ಮೂವರು ಮೂರು ಕಾಲದಲ್ಲಿ ಮೂರು ಕೋಡ್ ಹಾಕಿದ್ದಾರೆ. “ನಮ್ಮ ಡೇಟಾ ಒಮ್ಮೆ ನೋಡ್ತೀರಾ?” ಅಂತ ಕೇಳಿದೆ. “ಅದೆಲ್ಲ ಮೈಗ್ರೇಶನ್‌ನಲ್ಲಿ ಬರ್ತದೆ ಸರ್, ನೀವು ಟೆನ್ಶನ್ ತಗೊಳ್ಬೇಡಿ” ಅಂದರು. ಹಳೆಯದರಿಂದ ಹೊಸತಕ್ಕೆ ಡೇಟಾ ಸಾಗಿಸುವುದಕ್ಕೆ ಅವರು ಹೇಳುವುದು ಮೈಗ್ರೇಶನ್ ಅಂತ. ಆಗಲೇ ನಾನು ಟೆನ್ಶನ್ ತಗೊಳ್ಳಬೇಕಿತ್ತು.

ಒಟ್ಟು 4 ಲಕ್ಷದ 20 ಸಾವಿರ. ಶೇ. 60 ಮುಂಗಡ, ಶೇ. 30 ಹೊಸತು ಶುರುವಾದ ದಿನ, ಉಳಿದ ಶೇ. 10 ಆಮೇಲೆ.

ಈಗ ಆ ಹಾಳೆಯ ವಿಷಯ. ಆಗಸ್ಟ್ ಕೊನೆಯ ಶುಕ್ರವಾರ, ಸಂಜೆ ಆರೂವರೆ, ಜೋರು ಮಳೆ. ನಾನು ಷಟರ್ ಅರ್ಧ ಎಳೆದಿದ್ದೆ. ಅವರ ಹುಡುಗ ಒದ್ದೆ ಬ್ಯಾಗಿನಿಂದ ಒಂದು ಹಾಳೆ ತೆಗೆದು, “ಇದೊಂದು ಫಾರ್ಮಾಲಿಟಿ ಸರ್, ಇಲ್ಲದಿದ್ರೆ ಆಫೀಸಿನಿಂದ ಸೋಮವಾರ ಕೆಲಸ ಶುರು ಮಾಡ್ಲಿಕ್ಕೆ ಬಿಡುವುದಿಲ್ಲ” ಅಂದ. ಮೇಲೆ ‘ಯುಎಟಿ’ (ಯೂಸರ್ ಆಕ್ಸೆಪ್ಟೆನ್ಸ್ ಟೆಸ್ಟ್) ಅಂತ ಇತ್ತು. ಕೆಳಗೆ 22 ಸಾಲು, ಪ್ರತಿ ಸಾಲಿನ ಮುಂದೆ ಸರಿ ಗುರುತು ಮೊದಲೇ ಹಾಕಿಯಾಗಿತ್ತು. ಬಸ್ಸಿಗೆ ತಡ ಆಗ್ತಿತ್ತು. ಸಹಿ ಹಾಕಿದೆ, ಸೀಲೂ ಹೊಡೆದೆ. ನಾವೇ ನಮ್ಮ ಡೇಟಾದ ಮೇಲೆ ಎಲ್ಲ ಪರೀಕ್ಷೆ ಮಾಡಿ ಒಪ್ಪಿದ್ದೇವೆ ಅಂತ ಅದರ ಅರ್ಥ. ಒಂದನ್ನೂ ಪರೀಕ್ಷೆ ಮಾಡಿರಲಿಲ್ಲ. 19 ವರ್ಷ ಲೆಕ್ಕ ಬರೆದವ ನಾನು, ಓದದೆ ಸಹಿ ಹಾಕಿದೆ.

ಸೆಪ್ಟೆಂಬರ್ 1, ಸೋಮವಾರ. ಬೆಳಿಗ್ಗೆ ಒಂಬತ್ತಕ್ಕೆ ಮೊದಲನೆಯ ಕೃಷಿಕರು ಬಂದರು. ಎರಡು ಗೋಣಿ ತೂಗಿದೆವು, ಚೀಟಿ ಪ್ರಿಂಟ್ ಆಯಿತು. ಅವರು ಕನ್ನಡಕ ಏರಿಸಿ ನೋಡಿದರು, ತಿರುಗಿಸಿ ನೋಡಿದರು. “ಇದೆಂತ ಭಾಷೆ ಮಾರಾಯ? ಮಲಯಾಳ ಕೂಡ ಅಲ್ಲ!”

ಹೆಸರು ಇರಬೇಕಾದಲ್ಲಿ ಇಂಗ್ಲಿಷಿನ ಸಣ್ಣ ಜಿ, ಪಕ್ಕದಲ್ಲಿ ತಲೆ ಮೇಲೆ ಓರೆ ಗೀಟಿರುವ ದೊಡ್ಡ ಎ, ಆಮೇಲೆ ಇನ್ನೆರಡು ಗುರುತು, ಕೊನೆಗೆ ತಲೆ ಮೇಲೆ ಎರಡು ಚುಕ್ಕಿಯ ಇನ್ನೊಂದು ಎ. ‘ರಾಮ’ ಅಂತ ಇದ್ದದ್ದು ಹೀಗೆ ಆಗಿತ್ತು. ನಮ್ಮ ಹಳೆ ಸಾಫ್ಟ್‌ವೇರಿನಲ್ಲಿ ಕನ್ನಡ ಹೆಸರುಗಳನ್ನು ಹಾಕಿದ್ದು ನುಡಿಯ ಹಳೆ ಆಸ್ಕಿ ಫಾಂಟಿನಲ್ಲಿ. ಒಳಗೆ ಇರುವುದು ಇಂಗ್ಲಿಷ್ ಗುರುತುಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿಸುವುದು ಅಷ್ಟೇ. ಹೊಸತು ಯುನಿಕೋಡ್, ಅದರಲ್ಲಿ ಕನ್ನಡಕ್ಕೆ ಕನ್ನಡದ್ದೇ ಗುರುತುಗಳು. ಅಲ್ಲಿ ವೇಷ ಕಳಚಿತು. ಸರ್ಕಾರಿ ಕಚೇರಿಯಲ್ಲಿ ಒಂದು ಅರ್ಜಿ ಕನ್ನಡದಲ್ಲಿ ಸಿಗಲಿಕ್ಕೆ ಹೋರಾಟ ಮಾಡುವ ಊರು ನಮ್ಮದು. ಚೀಟಿ ಕನ್ನಡದಲ್ಲಿ ಬರ್ತದೆ ಅಂತಲೇ ನಮ್ಮಲ್ಲಿಗೆ ಬರುವ ಹಿರಿಯರು ಇದ್ದಾರೆ. ಅವರ ಎದುರು ಇದು.

ಫೋನ್ ಮಾಡಿದೆ. ಉತ್ತರ: “ಡೇಟಾ ಪೂರ್ತಿ ಬಂದಿದೆ ಸರ್. ಡಿಸ್‌ಪ್ಲೇ ಮಾತ್ರ ಪ್ರಾಬ್ಲಮ್.”

ಡಿಸ್‌ಪ್ಲೇ ಮಾತ್ರ!

ಅದನ್ನು ಹೇಗೋ ಸಹಿಸಬಹುದಿತ್ತು. ಮಧ್ಯಾಹ್ನ ಗುಜರಾತಿಗೆ ಹೋಗುವ ಲಾರಿ ಲೋಡ್ ಆಗಿ ನಿಂತಿತ್ತು. ಬಿಲ್ ಮಾಡಿದರೆ ಇ-ಇನ್‌ವಾಯ್ಸ್ ಪೋರ್ಟಲ್ ವಾಪಸ್ ಕಳಿಸ್ತದೆ. ಮತ್ತೆ ಮಾಡಿದೆ, ಮತ್ತೆ ವಾಪಸ್. ಮತ್ತೆ, ಮತ್ತೆ. ಇವರಿಗೆ ಫೋನ್ ಮಾಡಿದರೆ, “ಅದು ಗವರ್ನ್‌ಮೆಂಟ್ ಸೈಟ್ ಸರ್, ನಮ್ಮ ಕೈಯಲ್ಲಿಲ್ಲ, ಸಂಜೆ ಸರಿ ಆಗಬಹುದು” ಅಂದರು. ಡ್ರೈವರ್ ಬೀಡಿ ಸೇದ್ತಾ ಸೇದ್ತಾ ನಾಲ್ಕು ಗಂಟೆ ಆಯಿತು. ಕೊನೆಗೆ ಆಡಿಟರ್‌ಗೆ ಸ್ಕ್ರೀನ್ ಫೋಟೊ ಕಳಿಸಿದೆ. ಎರಡೇ ನಿಮಿಷದಲ್ಲಿ ಅವರು ಹೇಳಿದರು, “ಬಿಲ್ ನಂಬರ್ ಒಂದರಿಂದ ಶುರು ಮಾಡಿದ್ದೀರಲ್ಲ, ಏಪ್ರಿಲ್‌ನಲ್ಲೇ ಆ ನಂಬರ್ ಹೋಗಿದೆ!”

ಪ್ರತಿ ಇ-ಇನ್‌ವಾಯ್ಸ್‌ಗೂ ಇರುವ ಗುರುತು ನಂಬರ್ ಐಆರ್‌ಎನ್, ಅದು ಹುಟ್ಟುವುದೇ ನಮ್ಮ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ, ಬಿಲ್ ನಂಬರ್ ಇಷ್ಟರಿಂದ. ವರ್ಷದ ಮಧ್ಯೆ ಮತ್ತೆ ಒಂದರಿಂದ ಶುರು ಮಾಡಿದರೆ ಪೋರ್ಟಲ್‌ಗೆ ಅದು ಹಳೆ ಬಿಲ್ಲೇ. ಸೈಟ್ ಸರಿಯಾಗಿಯೇ ಇತ್ತು. ನಂಬರಿನ ಮುಂದೆ ಬೇರೆ ಅಕ್ಷರ ಸೇರಿಸಿ ಹೊಸ ಸರಣಿ ಮಾಡಿದ ಮೇಲೆ ಬಿಲ್ ಹೋಯಿತು, ಸರಕು ಸಾಗಿಸಲಿಕ್ಕೆ ಬೇಕಾದ ಇ-ವೇ ಬಿಲ್ ಬಂತು, ಲಾರಿ ಹೊರಟಿತು. ಗೊತ್ತಿಲ್ಲ ಅಂತ ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಸೈಟಿನ ಮೇಲೆ ಹಾಕಿದರಲ್ಲ, ಅದು.

ಕನ್ನಡ ಸರಿ ಮಾಡಿ ಕೊಡಿ ಅಂತ ವಾರವಿಡೀ ಗೋಗರೆದೆ. ಎಂಟನೇ ದಿನ ಮೇಲ್ ಬಂತು. ಹೆಸರು ಪರಿವರ್ತನೆ ‘ಸ್ಕೋಪ್’ನಲ್ಲಿ, ಅಂದರೆ ಒಪ್ಪಿದ ಕೆಲಸದಲ್ಲಿ ಇಲ್ಲ, ಬೇಕಾದರೆ 85 ಸಾವಿರ, ಜಿಎಸ್‌ಟಿ ಬೇರೆ. ಜೊತೆಗೆ ನಾನು ಸಹಿ ಹಾಕಿದ ಹಾಳೆಯ ಫೋಟೊ. ಹದಿನಾಲ್ಕನೇ ಸಾಲಿಗೆ ಕೆಂಪು ಸುತ್ತು: ‘ಮಾಸ್ಟರ್ ಡೇಟಾ ಪರಿಶೀಲಿಸಲಾಗಿದೆ’. ಮಾಸ್ಟರ್ ಡೇಟಾ ಅಂದರೆ ಖಾತೆದಾರರ ಹೆಸರು, ಐಟಂಗಳ ಪಟ್ಟಿ. ಧಣಿಗಳು ಅದನ್ನು ಓದಿ ಎಂತ ಹೇಳಲಿಲ್ಲ, ಫೋನ್ ನನ್ನ ಕೈಗೆ ವಾಪಸ್ ಕೊಟ್ಟರು. ಬೈದಿದ್ದರೆ ಒಳ್ಳೆಯದಿತ್ತು.

85 ಸಾವಿರ ಕೊಡಲಿಲ್ಲ. ನನ್ನ ಅಕ್ಕನ ಮಗ, ಇಂಜಿನಿಯರಿಂಗ್ ಓದುವವ, ಪುಕ್ಕಟೆ ಸಿಗುವ ಪರಿವರ್ತಕ ಹಾಕಿ ಎರಡು ರಾತ್ರಿಯಲ್ಲಿ ಮುಗಿಸಿದ. ಮೊದಲು ಇಂಗ್ಲಿಷಿನಲ್ಲಿ ಇದ್ದ ಹೆಸರುಗಳನ್ನು ಬೇರೆ ಮಾಡಬೇಕಾಯಿತು, ಇಲ್ಲದಿದ್ದರೆ ಅವೂ ವಿಚಿತ್ರ ಕನ್ನಡ ಆಗ್ತಿದ್ದವು. ಎರಡು ರಾತ್ರಿ, ಒಂದು ಬಿರಿಯಾನಿ.

ಆದರೆ ಅವನಿಂದಲೂ ಆಗದ್ದು ಒಂದು ಉಂಟು. ಇವರು ನಮ್ಮನ್ನು ಕೇಳದೆ ‘ಡೂಪ್ಲಿಕೇಟ್’ ಅಂತ ಒಂದೇ ಹೆಸರಿನ ಖಾತೆಗಳನ್ನು ಸೇರಿಸಿಬಿಟ್ಟಿದ್ದಾರೆ. ನಮ್ಮಲ್ಲಿ ಈಶ್ವರ ಭಟ್ಟರು ಏಳು ಜನ, ಅಬ್ದುಲ್ಲ ಹನ್ನೊಂದು ಜನ. ನಾವು ಗುರುತಿಸುವುದು ಮನೆ ಹೆಸರಿನಲ್ಲಿ. ಒಬ್ಬರಿಗೆ ಕೊಡಬೇಕಾದ ಬಾಕಿ ಇನ್ನೊಬ್ಬರ ಮುಂಗಡದಲ್ಲಿ ವಜಾ ಆಗಿ ಕೂತಿದೆ. ಕೇಳಿದರೆ, “ಸಿಸ್ಟಮ್ ಬೆಸ್ಟ್ ಪ್ರಾಕ್ಟೀಸ್ ಸರ್” ಅಂತೆ.

ನಿಮಗೆ ಹೇಳುವುದು ಇಷ್ಟೇ. ನಿಮ್ಮದೇ ಡೇಟಾದ ನಕಲಿನ ಮೇಲೆ ಪೂರ್ತಿ ಓಡಿಸಿ ತೋರಿಸದೆ ಒಂದು ಪೈಸೆ ಮುಂಗಡ ಕೊಡಬೇಡಿ. ಪಟೋರದಂತಹ ಡಬಲ್ ಕೋಡ್‌ಗಳನ್ನು ಮೊದಲು ನೀವೇ ಕೂತು ಗುಡಿಸಿ, ನಿಮ್ಮ ಈಶ್ವರ ಭಟ್ಟರು ಯಾರ್ಯಾರು ಅಂತ ಅವರಿಗೆ ಗೊತ್ತಾಗುವುದಿಲ್ಲ. ವರ್ಷದ ಮಧ್ಯೆ ಬದಲಿಸುವುದಾದರೆ ಬಿಲ್ ಸರಣಿ ಎಂತ ಅಂತ ಆಡಿಟರ್ ಹತ್ತಿರ ಮೊದಲೇ ಕೇಳಿ. ಒಂದು ತಿಂಗಳಾದರೂ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸಿ, ಎರಡು ಕೆಲಸ ಅಂತ ಹುಡುಗರು ಗೊಣಗಿದರೂ ಸರಿ. ಬ್ಯಾಕಪ್ ನೀವೇ ತೆಗೆದು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಆ ಶುಕ್ರವಾರ ಮಧ್ಯಾಹ್ನ ಸುಮ್ಮನೆ ಒಂದು ಹಾರ್ಡ್ ಡಿಸ್ಕಿಗೆ ನಕಲು ಹಾಕಿಟ್ಟಿದ್ದೆ, ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಉಳಿದ ಶೇ. 10 ನಾವು ಕೊಟ್ಟಿಲ್ಲ, ಅವರು ಪ್ರತಿ ಸೋಮವಾರ ‘ಜೆಂಟಲ್ ರಿಮೈಂಡರ್’ ಕಳಿಸ್ತಾರೆ. ಮೂಲೆಯಲ್ಲಿ ಹಳೆ ಸರ್ವರ್ ಇನ್ನೂ ಗರಗರ ಅಂತ ತಿರುಗ್ತಾ ಉಂಟು. ಆ ಹಾರ್ಡ್ ಡಿಸ್ಕಿನಿಂದ ಹಳೆ ಲೆಡ್ಜರ್ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು ದಿನಾ ಸಂಜೆ ಖಾತೆ ಬಿಡಿಸ್ತಾ ಇದ್ದೇನೆ. ಭಟ್ಟರು ಏಳೂ ಜನ ಮುಗಿದರು. ಅಬ್ದುಲ್ಲರಲ್ಲಿ ಇನ್ನು ನಾಲ್ವರು ಬಾಕಿ.