ಮಕ್ಕಳ ಮೆದುಳಿನ ಕೋರ್ಸಿಗೆ ಹೋದ್ರೆ ಕ್ಲಾಸ್ ತಗೊಂಡಿದ್ದು ನಂಗೇ

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ಮೂರೂವರೆ ಸ್ಟಾರ್. ಮಿಕ್ಕ ಒಂದೂವರೆ ಎಲ್ಲಿ ಹೋಯ್ತು ಅನ್ನೋದು ಸ್ವಲ್ಪ ಉದ್ದದ ಕಥೆ, ನಿಮ್ ಸ್ಕೂಲಿಗೂ ಇಂಥದ್ದನ್ನ ಕರೆಸೋ ಯೋಚನೆ ಇದ್ರೆ ಪೂರ್ತಿ ಓದಿ, ಇಲ್ಲಾಂದ್ರೆ ಇಲ್ಲಿಗೇ ಬಿಡಿ.

"ಮೆದುಳು ವಿಜ್ಞಾನದಿಂದ ಮಕ್ಕಳ ನೆಮ್ಮದಿ" ಅಂತ ಏನೋ ಒಂದು ದೊಡ್ಡ ಹೆಸರಿಟ್ಕೊಂಡು ಟ್ರೇನಿಂಗ್ ಕೊಡೋ ಸಂಸ್ಥೆ ಇದು, ಯಾವುದು ಅಂತ ಹಾಕಲ್ಲ. ಆರು ವಾರ, ವಾರಕ್ಕೊಂದು ಸೆಷನ್ನು, ಎರಡೆರಡು ಗಂಟೆ. ನಾಲ್ಕು ಸೆಷನ್ ಟೀಚರ್ಸಿಗೆ, ಎರಡು ಸೆಷನ್ ಅಪ್ಪ ಅಮ್ಮಂದಿರಿಗೆ ಮತ್ತೆ ಮಕ್ಕಳ ಜೊತೆ ದಿನಾ ಒಡನಾಡೋ ಎಲ್ರಿಗೂ. ಜೊತೆಗೆ ಕ್ಲಾಸಿಗೊಂದು ಕಿಟ್ಟು. ನಾನು ಮೂರನೇ ಕ್ಲಾಸ್ ಟೀಚರು, ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ ಆಯ್ತು, ಇಷ್ಟರಲ್ಲಿ ನೋಡಿರೋ ಟ್ರೇನಿಂಗುಗಳ ಲೆಕ್ಕ ನಂಗೇ ಇಲ್ಲ, ಹಾಗಾಗಿ ತಿದ್ದೋ ನೋಟ್‌ಬುಕ್ ಕಟ್ಟನ್ನೂ ಹೊತ್ಕೊಂಡು ಹೋಗಿ ಹಿಂದಿನ ಸಾಲಲ್ಲಿ ಕೂತೆ.

ಅರ್ಧ ಗಂಟೆಗೇ ನೋಟ್‌ಬುಕ್ ಮುಚ್ಚಿಡಬೇಕಾಯ್ತು. ಡ್ಯಾನ್ ಸೀಗಲ್ ಅನ್ನೋ ಮನೋವೈದ್ಯರ ಕೈ ಮಾಡೆಲ್ ತೋರಿಸಿದ್ರು. ಮಣಿಕಟ್ಟಿನ ಮೇಲಿನ ಅಂಗೈ ಅಂದ್ರೆ ಮೆದುಳಿನ ಬುಡ, ಉಸಿರು ಎದೆಬಡಿತ ನೋಡ್ಕೊಳ್ಳೋ ಜಾಗ. ಹೆಬ್ಬೆರಳನ್ನ ಅಂಗೈ ಒಳಗೆ ಮಡಚಿದ್ರೆ ಅದು ಅಮಿಗ್ಡಲಾ ಇರೋ ಭಾಗ, ಅಪಾಯ ಅಂತ ಬಡ್ಕೊಳ್ಳೋ ಕಾವಲುಗಾರ. ಅದರ ಮೇಲೆ ನಾಲ್ಕು ಬೆರಳು ಮುಚ್ಚಿದ್ರೆ ಕಾರ್ಟೆಕ್ಸು, ಅಂದ್ರೆ ಮೆದುಳಿನ ಹೊರಪದರ, ಉಗುರಿನ ಹತ್ರ ಪ್ರೀಫ್ರಂಟಲ್, ಅಂದ್ರೆ ತಡಿ, ಯೋಚ್ನೆ ಮಾಡು ಅನ್ನೋ ಹಿರೀಕ. ಸಿಟ್ಟು ಭಯ ನೆತ್ತಿಗೇರಿದಾಗ ನಾಲ್ಕೂ ಬೆರಳು ಎದ್ದು ನಿಲ್ಲುತ್ತೆ, ಒಳಗಿನ ಹೆಬ್ಬೆರಳೊಂದೇ ಕೂಗಾಡ್ತಿರುತ್ತೆ. ಈ ಪ್ರೀಫ್ರಂಟಲ್ ಪೂರ್ತಿ ಬಲಿಯೋಕೆ ಇಪ್ಪತ್ತೈದರ ಆಸುಪಾಸು ಆಗುತ್ತಂತೆ. ನಾವು ಎಂಟು ವರ್ಷದ ಮಗೂಗೆ "ಸ್ವಲ್ಪನಾದ್ರೂ ತಲೆ ಉಪಯೋಗಿಸು" ಅಂತೀವಿ.

ನನ್ ಕ್ಲಾಸಲ್ಲಿ ಒಬ್ಬ ಹುಡುಗ ಇದಾನೆ. ಯಾರಾದ್ರೂ ಬೆಂಚನ್ನ ಕರ್ ಅಂತ ಎಳೆದ್ರೆ ಸಾಕು, ಕಿವಿ ಮುಚ್ಕೊಂಡು ಡೆಸ್ಕ್ ಕೆಳಗೆ ನುಗ್ಗಿಬಿಡ್ತಾನೆ, ಹತ್ರ ಹೋದ್ರೆ ಒದೀತಾನೆ. ನಾನು ಬಗ್ಗಿ "ಯಾಕೋ ಹಿಂಗ್ ಮಾಡ್ತೀಯ? ಹೇಳೋ, ಯಾಕೆ?" ಅಂತ ಒಂದೇ ಸಮ ಕೇಳ್ತಿದ್ದೆ, ಅವ್ನು ಉತ್ತರ ಕೊಡದೇ ಇದ್ದಷ್ಟೂ ನನ್ ದನಿ ಏರ್ತಿತ್ತು. "ಯಾಕೆ"ಗೆ ಉತ್ತರ ಕೊಡೋ ಭಾಗ ಆ ಹೊತ್ತಲ್ಲಿ ಬಾಗಿಲು ಹಾಕ್ಕೊಂಡಿರುತ್ತೆ ಅಂತ ಅವತ್ತು ಗೊತ್ತಾಯ್ತು. ಅಡ್ರಿನಲಿನ್, ಕಾರ್ಟಿಸಾಲ್ ಅಂತ ಒತ್ತಡದ ಹಾರ್ಮೋನುಗಳಿವೆ, ಅಡ್ರಿನಲಿನ್ ಸೆಕೆಂಡುಗಳಲ್ಲೇ ನುಗ್ಗುತ್ತೆ, ಕಾರ್ಟಿಸಾಲ್ ನಿಧಾನಕ್ಕೆ ಏರಿ ಇಪ್ಪತ್ತು ಮೂವತ್ತು ನಿಮಿಷಕ್ಕೆ ತುದಿ ಮುಟ್ಟುತ್ತೆ, ಇಳಿಯೋಕೆ ಇನ್ನೂ ಹೊತ್ತು ಬೇಕು. ಮಗು ಸುಮ್ಮನಾದ ತಕ್ಷಣ "ಈಗ ಸಾರಿ ಹೇಳು" ಅಂತ ಹಿಡ್ಕೊಳ್ತೀವಲ್ಲ, ಆಗ ಮೈಯೊಳಗೆ ಕಾರ್ಟಿಸಾಲ್ ಇನ್ನೂ ಏರ್ತಾನೇ ಇರಬಹುದು. ಬ್ರೂಸ್ ಪೆರ್ರಿ ಅನ್ನೋ ಮಕ್ಕಳ ಮನೋವೈದ್ಯರು ಇದಕ್ಕೊಂದು ಕ್ರಮ ಹೇಳ್ತಾರೆ, ಮೊದ್ಲು ಶಾಂತ ಮಾಡು, ಆಮೇಲೆ ಹತ್ರ ಆಗು, ಬುದ್ಧಿ ಮಾತು ಕೊನೇಗೆ. ನಾವು ಸರಿಯಾಗಿ ಉಲ್ಟಾ.

ಮುಂದಿನ ಸಲ ಅವ್ನು ಡೆಸ್ಕ್ ಕೆಳಗೆ ಹೋದಾಗ ಮಿಕ್ಕ ಮಕ್ಕಳಿಗೆ ಚಿತ್ರ ಬರೆಯೋಕೆ ಕೊಟ್ಟು ನಾನು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತೆ, ಅವನ ಕಡೆ ನೋಡ್ಲಿಲ್ಲ, ಮಾತೂ ಆಡ್ಲಿಲ್ಲ, ನೋಟ್‌ಬುಕ್ ತಿದ್ತಾ ಇದ್ದೆ. ಸುಮ್ನೆ ಕೂರೋದು ಎಷ್ಟು ಕಷ್ಟ ಅಂದ್ರೆ ಗಡಿಯಾರ ನೋಡಿ ನೋಡಿ ಕತ್ತು ನೋವು ಬಂತು. ಹನ್ನೊಂದು ನಿಮಿಷ. ಆಮೇಲೆ ಡೆಸ್ಕ್ ಕೆಳಗಿಂದ ಒಂದು ಕೈ ಬಂದು ನನ್ ಕೆಂಪು ಪೆನ್ನಿನ ಕ್ಯಾಪ್ ಎತ್ಕೊಂಡು ಹೋಯ್ತು. ಇನ್ನೆರಡು ನಿಮಿಷಕ್ಕೆ ಕ್ಯಾಪ್ ವಾಪಸ್ ಬಂತು, ಹಿಂದೇನೇ ಹುಡುಗನೂ ಬಂದ. ಪ್ರತಿ ಸಲ ಹಿಂಗೇ ಆಗುತ್ತೆ ಅಂತ ಹೇಳ್ತಿಲ್ಲ, ಹೋದ ತಿಂಗಳು ಒದೆ ತಿಂದಿದೀನಿ. ಆದ್ರೆ ನನ್ ದನಿ ಈಗ ಏರಲ್ಲ, ಮೂರು ಸ್ಟಾರ್ ಅದಕ್ಕೇ ಕೊಟ್ಟಿದ್ದು.

ಎರಡನೇ ವಾರ ಎಡ್ವರ್ಡ್ ಟ್ರಾನಿಕ್ ಅನ್ನೋ ಮನಶ್ಶಾಸ್ತ್ರಜ್ಞರ 1970ರ ದಶಕದ ಪ್ರಯೋಗದ ಬಗ್ಗೆ ಹೇಳಿದ್ರು. ಮಗು ಜೊತೆ ಆಡ್ತಿದ್ದ ಅಮ್ಮ ಇದ್ದಕ್ಕಿದ್ದಂತೆ ಮುಖಾನ ಕಲ್ಲು ಮಾಡ್ಕೋಬೇಕು, ಎರಡು ಮೂರು ನಿಮಿಷ ಅಷ್ಟೇ. ಮಗು ನಗುತ್ತೆ, ಕೈ ಚಾಚುತ್ತೆ, ಕಿರುಚುತ್ತೆ, ಕೊನೆಗೆ ಮುಖ ತಿರುಗಿಸಿಕೊಂಡು ಕುಗ್ಗಿಹೋಗುತ್ತೆ. ನಮ್ಮಲ್ಲೂ ಜೋಡಿ ಜೋಡಿ ಮಾಡಿ ಒಂದು ನಿಮಿಷ ಮಾಡಿಸಿದ್ರು. ಎದುರಿಗಿದ್ದ ಕೊಲೀಗ್ ಜೊತೆ ದಿನಾ ಒಟ್ಟಿಗೆ ಊಟ ಮಾಡ್ತೀನಿ, ನಾಟಕ ಅಂತ ಚೆನ್ನಾಗಿ ಗೊತ್ತಿದೆ, ಆದ್ರೂ ಒಂಥರಾ ಹೊಟ್ಟೆ ತೊಳೆಸ್ದಂಗಾಯ್ತು. ಮಗು ಓಡಿ ಬಂದು ಡ್ರಾಯಿಂಗ್ ತೋರಿಸುವಾಗ ನಾನು ಲ್ಯಾಪ್‌ಟಾಪಿಂದ ತಲೆ ಎತ್ತದೇ "ಹೂಂ ಚೆನ್ನಾಗಿದೆ" ಅಂತೀನಲ್ಲ, ಅದು ನೆನಪಾಯ್ತು.

ಇನ್ನು ಬೈಗುಳದ ಭಾಗ.

ನಾಲ್ಕನೇ ಸೆಷನ್ ಪೂರ್ತಿ ದಂಡ. ಎಡಮೆದುಳಿನ ಮಕ್ಕಳು ಲೆಕ್ಕ, ಬಲಮೆದುಳಿನ ಮಕ್ಕಳು ಕಲೆ ಅಂತ ಸ್ಲೈಡು. ನೋಡಿ ಕಲಿಯೋರು, ಕೇಳಿ ಕಲಿಯೋರು, ಮಾಡಿ ಕಲಿಯೋರು ಅಂತ ಇನ್ನೊಂದು. ಇವೆಲ್ಲ ಸುಳ್ಳು ಅಂತ ಎಷ್ಟೋ ವರ್ಷದಿಂದ ವಿಜ್ಞಾನಿಗಳು ಹೇಳ್ತಾನೇ ಇದಾರೆ, 2012ರಲ್ಲಿ ಬ್ರಿಟನ್ ಮತ್ತೆ ನೆದರ್‌ಲ್ಯಾಂಡ್ಸ್ ಟೀಚರ್‌ಗಳನ್ನ ಕೇಳಿದಾಗ ಈ ಕಲಿಕೆ ಶೈಲಿ ಕಥೇನ 100ಕ್ಕೆ 90ಕ್ಕಿಂತ ಹೆಚ್ಚು ಜನ ನಂಬಿದ್ರು. ಅಂದ್ರೆ ನಮ್ಮಂಥೋರು ಮೊದ್ಲೇ ಹಳ್ಳದಲ್ಲಿದೀವಿ, ಎತ್ತೋಕೆ ಬಂದವರೇ ಇನ್ನೊಂದು ಸಲ ತಳ್ಳಿದ್ರೆ ಹೆಂಗೆ? ಮಧ್ಯೆ ಪಾಲ್ ಮೆಕ್ಲೀನ್ ಅನ್ನೋ ನರವಿಜ್ಞಾನಿಯ ಹಲ್ಲಿ ಮೆದುಳು, ಪ್ರಾಣಿ ಮೆದುಳು, ಮನುಷ್ಯ ಮೆದುಳು ಅನ್ನೋ ಮೂರು ಮಹಡಿ ಮನೆಯೂ ಬಂತು, ಅದನ್ನೂ ನರವಿಜ್ಞಾನ ಯಾವಾಗ್ಲೋ ಕೈಬಿಟ್ಟಿದೆ. ಕೈ ಮಾಡೆಲ್ಲೂ ಸ್ವಲ್ಪ ಅದರ ತಮ್ಮನೇ ಅನ್ನಿ, ಆದ್ರೆ ಅದನ್ನ ಹೋಲಿಕೆ ಅಂತ ಹೇಳೇ ಕಲಿಸಿದ್ರು, ಇದನ್ನ ಸತ್ಯ ಅಂತ ಕಲಿಸಿದ್ರು.

ಇದಾದ್ರೂ ನಕ್ಕು ಬಿಡಬಹುದು, ಮುಂದಿನದಕ್ಕೆ ಮಾತ್ರ ನಂಗೆ ನಿಜವಾಗ್ಲೂ ಕೋಪ ಬಂತು. 1998ರಲ್ಲಿ ಅಮೆರಿಕದಲ್ಲಿ ಫೆಲಿಟಿ ಮತ್ತೆ ಆಂಡಾ ಅನ್ನೋ ಡಾಕ್ಟರುಗಳು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದ್ರು, ಬಾಲ್ಯದಲ್ಲಿ ಹೊಡೆತ, ನಿಂದನೆ, ಮನೆಯೊಳಗಿನ ಕುಡಿತ ಜಗಳ ಇಂಥ ಕಹಿ ಅನುಭವಗಳು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಕಾಯಿಲೆ ಕಸಾಲೆ ಹೆಚ್ಚು ಅಂತ. ಆ ಪ್ರಾಜೆಕ್ಟಲ್ಲಿ ಒಟ್ಟು 17 ಸಾವಿರಕ್ಕೂ ಹೆಚ್ಚು ವಯಸ್ಕರಿದ್ರು. ಒಳ್ಳೇ ಕೆಲಸ, ನಂಗೇನೂ ತಕರಾರಿಲ್ಲ. ಆದ್ರೆ ಕಿಟ್ಟಲ್ಲಿ ಒಂದು ಶೀಟಿತ್ತು, ಟೀಚರ್ರೇ ಕೂತು ಒಂದೊಂದು ಮಗೂಗೂ ಇಂಥ ಕಹಿ ಅನುಭವ ಎಷ್ಟಾಗಿದೆ ಅಂತ ಹತ್ತಕ್ಕೆ ಇಷ್ಟು ಅಂಕ ಹಾಕ್ಬೇಕಂತೆ! ಆ ಲೆಕ್ಕ ಇರೋದು ಇಡೀ ಜನಸಮೂಹದ ಪರಿಸ್ಥಿತಿ ನೋಡೋಕೆ, ಒಬ್ಬೊಬ್ಬರ ಹಣೆಬರಹ ಓದೋಕೆ ಬಳಸಬೇಡಿ ಅಂತ ಅದೇ ಆಂಡಾ ಅವರೇ 2020ರಲ್ಲಿ ಜೊತೆಗಾರರ ಸಂಗಡ ಬರೆದಿದಾರೆ. ನಾನು ಎದ್ದು ನಿಂತು ಹೇಳ್ದೆ. "ಸುಮ್ನೆ ಒಂದು ಅಂದಾಜಿಗೆ ಮೇಡಂ" ಅಂದ್ರು ಟ್ರೇನರು. ಒಂದೇ ವಾರ ಕಣ್ರೀ, ಸ್ಟಾಫ್‌ರೂಮಲ್ಲಿ ಯಾರೋ ಒಬ್ಬರು ಹುಡುಗನ್ನ ತೋರಿಸಿ "ಅವ್ನಾ? ಅವ್ನು ಆರು" ಅಂದ್ರು. ಹೆಸರು ಹೋಯ್ತು, ನಂಬರ್ ಉಳೀತು. ನಾನು ಹೆಡ್‌ಮಿಸ್ ಹತ್ರ ಹೋಗಿ ಜಗಳ ಆಡಿ ಎಲ್ಲಾ ಶೀಟನ್ನೂ ಹರಿದು ಹಾಕಿಸ್ದೆ.

ಕಿಟ್ಟಲ್ಲಿ ಮಿಕ್ಕಿದ್ದು ಪ್ಲಾಸ್ಟಿಕ್ ಮೆದುಳು, ಸ್ಪಾಂಜ್ ಬಾಲು, ಪೋಸ್ಟರು, ಗ್ಲಿಟರ್ ತುಂಬಿದ ಬಾಟ್ಲಿ. ಬಾಟ್ಲಿ ಎರಡನೇ ವಾರಕ್ಕೇ ಲೀಕಾಗಿ ನನ್ ಅಟೆಂಡೆನ್ಸ್ ರಿಜಿಸ್ಟರ್ ಇವತ್ತಿಗೂ ಮಿಣಮಿಣ ಅನ್ನುತ್ತೆ. ಕ್ಲಾಸಲ್ಲಿ ಒಂದು ಶಾಂತ ಮೂಲೆ ಮಾಡಿ, ಮಗು ತಾನಾಗೇ ಬಂದು ಕೂರೋ ಜಾಗ ಅಂತ ಹೇಳಿದ್ರು, ದಿಂಬು ಹಾಕಿ ಮಾಡ್ದೆ, ಚೆನ್ನಾಗೇ ಇತ್ತು. ಎರಡು ದಿನ ಜ್ವರ ಅಂತ ರಜಾ ಹಾಕಿ ವಾಪಸ್ ಬಂದ್ರೆ ನನ್ ಬದಲು ಬಂದಿದ್ದವರು "ಗಲಾಟೆ ಮಾಡಿದ್ರೆ ಆ ಮೂಲೇಗೆ ಕಳಿಸ್ತೀನಿ" ಅಂತ ಹೆದರಿಸಿಟ್ಟಿದಾರೆ. ಆಮೇಲೆ ಒಂದು ತಿಂಗಳು ಒಂದು ಮಗೂನೂ ಆ ದಿಂಬು ಮುಟ್ಲಿಲ್ಲ.

ದಿನಾ ಬೆಳಿಗ್ಗೆ ಇಡೀ ಸ್ಕೂಲು ಕಣ್ಮುಚ್ಚಿ ಹತ್ತು ನಿಮಿಷ ಧ್ಯಾನ ಅಂತ ಒಂದು ಆ್ಯಪ್ ಕೂಡ ದಾಟಿಸಿದ್ರು. ಉಸಿರನ್ನ ನಿಧಾನಕ್ಕೆ ಉದ್ದ ಬಿಟ್ರೆ ಮೆದುಳಿಂದ ಎದೆ ಹೊಟ್ಟೆಗೆ ಇಳಿಯೋ ವೇಗಸ್ ಅನ್ನೋ ನರದ ಮೂಲಕ ಎದೆಬಡಿತ ಇಳಿಯುತ್ತೆ, ಅದು ನಿಜ, ನಾನೇ ದಿನಾ ಮಾಡ್ತೀನಿ. ಆದ್ರೆ ಬ್ರಿಟನ್ನಲ್ಲಿ 85 ಸ್ಕೂಲುಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ಮೈಂಡ್‌ಫುಲ್‌ನೆಸ್, ಅಂದ್ರೆ ಮನಸ್ಸನ್ನ ಈ ಕ್ಷಣದ ಮೇಲೆ ಇಡೋ ಅಭ್ಯಾಸದ ಪಾಠ ಮಾಡಿ ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು, ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಉಪಯೋಗ ಕಾಣ್ಲಿಲ್ಲ. ನಮ್ಮಲ್ಲಿ ಕಣ್ಮುಚ್ಚೋಕೇ ಹೆದರೋ ಮಕ್ಕಳು ಇಬ್ರಿದಾರೆ, ಅವ್ರಿಗೆ ಆ ಹತ್ತು ನಿಮಿಷ ಶಿಕ್ಷೆ.

ನಿದ್ದೆ ಬಗ್ಗೆ ಆರೂ ಸೆಷನ್ನಲ್ಲಿ ಒಂದು ಮಾತಿಲ್ಲ. ಹದಿಹರೆಯದಲ್ಲಿ ನಿದ್ದೆಗೆ ಸಿಗ್ನಲ್ ಕೊಡೋ ಮೆಲಟೋನಿನ್ ಹಾರ್ಮೋನು ಏರೋ ಸಮಯವೇ ರಾತ್ರಿ ಮುಂದಕ್ಕೆ ಹೋಗುತ್ತೆ, ಬೇಗ ಮಲಗು ಅಂದ್ರೆ ಅವರಿಗೆ ನಿದ್ದೆ ಬರಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ದೊಡ್ಡ ಮಕ್ಕಳ ಸ್ಕೂಲು ಎಂಟೂವರೆಗಿಂತ ಮುಂಚೆ ಶುರು ಮಾಡ್ಬೇಡಿ ಅಂದಿದೆ, ಸಿಯಾಟಲ್‌ನಲ್ಲಿ 2016ರಲ್ಲಿ ಟೈಮಿಂಗ್ ಮುಂದಕ್ಕೆ ಹಾಕಿದ ಮೇಲೆ ಮಕ್ಕಳ ನಿದ್ದೆ ಸುಮಾರು 34 ನಿಮಿಷ ಜಾಸ್ತಿ ಆಯ್ತು. ನಾನು ಕೇಳಿದ್ದಕ್ಕೆ ಟ್ರೇನರು "ಅದು ಮ್ಯಾನೇಜ್‌ಮೆಂಟಿಗೆ ಬಿಟ್ಟಿದ್ದು" ಅಂದ್ರು, ಮ್ಯಾನೇಜ್‌ಮೆಂಟ್‌ನವರು ಪಕ್ಕದಲ್ಲೇ ಕೂತು ಮೊಬೈಲ್ ನೋಡ್ತಿದ್ರು. ಟೈಮ್‌ಟೇಬಲ್ ಬದಲಾಯಿಸೋದು, ಒಂದು ಕ್ಲಾಸಿಗೆ ಎಷ್ಟು ಮಕ್ಕಳು ಅನ್ನೋದು, ಇದ್ಯಾವುದೂ ಕಿಟ್ಟಲ್ಲಿ ಬರಲ್ಲ ನೋಡಿ, ಸ್ಪಾಂಜ್ ಬಾಲ್ ಬರುತ್ತೆ.

ಉಳಿದ ಅರ್ಧ ಸ್ಟಾರ್ ಐದನೇ ಸೆಷನ್ನಿಗೆ. ಅವತ್ತು ಅಪ್ಪ ಅಮ್ಮಂದಿರ ಜೊತೆ ಅಜ್ಜಿಯರು, ಆಟದ ಕೋಚು, ಲೈಬ್ರರಿಯವರು, ಗೇಟಿನವರು, ವ್ಯಾನ್ ಡ್ರೈವರು ಎಲ್ರೂ ಬಂದಿದ್ರು. ಎಮಿ ವರ್ನರ್ ಅನ್ನೋ ಮನಶ್ಶಾಸ್ತ್ರಜ್ಞೆಯ ಕಥೆ ಹೇಳಿದ್ರು, ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನ ದಶಕಗಟ್ಟಲೆ ಹಿಂಬಾಲಿಸಿದ್ದು. ತುಂಬಾ ಕಷ್ಟದಲ್ಲಿ ಬೆಳೆದವರಲ್ಲೂ ಮೂರರಲ್ಲೊಂದು ಪಾಲು ಮಕ್ಕಳು ಚೆನ್ನಾಗೇ ಬದುಕು ಕಟ್ಕೊಂಡ್ರು, ಅಂಥವರ ಬದುಕಲ್ಲಿ ನೆಚ್ಚಿಕೊಳ್ಳೋಕೆ ಒಬ್ಬರಾದ್ರೂ ದೊಡ್ಡವರಿದ್ರು, ಅಪ್ಪ ಅಮ್ಮನೇ ಆಗ್ಬೇಕಂತಿಲ್ಲ. ಆಗ ಹಿಂದಿಂದ ಡ್ರೈವರ್ ಕೈ ಎತ್ತಿದ್ರು. "ಒಬ್ಳು ಹುಡ್ಗಿ ಇಳಿಯುವಾಗ ಬಾಗಿಲಿನ ಕಂಬಿ ಬಿಡಲ್ಲ ಮೇಡಂ, ಗಟ್ಟಿ ಹಿಡ್ಕೊಂಡು ನಿಂತ್ಬಿಡ್ತಾಳೆ, ನಾನು ಹಾರ್ನ್ ಹೊಡೀತಿದ್ದೆ. ಹೊಡೀಬಾರ್ದಾ?" ಅಂದ್ರು. ಆ ಹುಡುಗಿ ನನ್ ಕ್ಲಾಸೇ. ಬೆಳಿಗ್ಗೆ ಮೊದಲ ಪಿರಿಯಡ್ಡಲ್ಲಿ ಯಾಕೆ ಬಾಯೇ ಬಿಡಲ್ಲ ಅಂತ ನಾನು ಆರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ, ಡ್ರೈವರನ್ನ ಕೇಳ್ಬೇಕು ಅಂತ ಹೊಳೆದೇ ಇರ್ಲಿಲ್ಲ. ಈಗ ಅವ್ರು ಹಾರ್ನ್ ಹೊಡಿಯಲ್ಲ, "ನಿಧಾನ ಇಳಿಯವ್ವಾ" ಅಂತಾರೆ, ನಾನು ಗೇಟ್ ಹತ್ರ ಹೋಗಿ ನಿಂತಿರ್ತೀನಿ. ಇನ್ನೂ ಕಂಬಿ ಹಿಡೀತಾಳೆ, ಆದ್ರೆ ಬೇಗ ಬಿಡ್ತಾಳೆ.

ಆರು ವಾರ ಆದ್ಮೇಲೆ ಫಾಲೋ ಅಪ್ ಏನೂ ಇಲ್ಲ. ಒಂದು ಅನುಮಾನ ಕೇಳಿ ಮೇಲ್ ಹಾಕಿದ್ರೆ "ನಮ್ಮ ಲೆವೆಲ್ ಟೂ ಕೋರ್ಸ್ ಸೇರಿ" ಅಂತ ರಿಪ್ಲೈ. ನಿಮ್ಮಲ್ಲಿಗೆ ಇವರೇ ಬಂದ್ರೆ ಒಂದು, ಎರಡು, ಐದನೇ ಸೆಷನ್ ತಪ್ಪಿಸ್ಬೇಡಿ, ನಾಲ್ಕಕ್ಕೆ ನೋಟ್‌ಬುಕ್ ಕಟ್ಟು ಒಯ್ಯಿರಿ, ಅಂಕದ ಶೀಟ್ ಕೊಟ್ರೆ ಅಲ್ಲೇ ವಾಪಸ್ ಕೊಡಿ. ಕಿಟ್ ಮಾತ್ರ ದುಡ್ಡು ಕೊಟ್ಟು ತಗೋಬೇಡಿ, ನಮ್ ಸ್ಟೋರ್‌ರೂಮಲ್ಲಿ ಇನ್ನೂ ಎರಡು ಒಡೆಯದೇ ಬಿದ್ದಿದೆ, ಬೇಕಾದ್ರೆ ನಾನೇ ಕೊಡ್ತೀನಿ, ಬಾಟ್ಲಿಗೆ ಮಾತ್ರ ಮೊದ್ಲೇ ಟೇಪ್ ಸುತ್ಕೊಳ್ಳಿ.